ಇನ್ವರ್‌ಕೋರಿ ಬಂಗಲೆಗೆ ನಲವತ್ತು ಸಹಿ

ಮಾರ್ಚ್ 3, ಮಂಗಳವಾರ

ಒಂಬತ್ತನೆಯ ಮನೆ. ಮತ್ತೆ ಚಹಾ, ಮತ್ತೆ ಓಟ್ಸ್ ರೊಟ್ಟಿ. ಸಹಿ ಇಪ್ಪತ್ತೆರಡು. ನಲವತ್ತು ಬೇಕು, ಶುಕ್ರವಾರ ಸಂಜೆ ಐದು ಗಂಟೆಯೊಳಗೆ. ಅಷ್ಟಾದರೆ, ಊರ ದೊರೆ ಮಾರಲಿಟ್ಟ ಬಂಗಲೆ ಕೊಳ್ಳುವ ಮೊದಲ ಹಕ್ಕು ಊರಿಗೆ. ಇಲ್ಲವೋ, ಹೋಟೆಲಿನವರಿಗೆ... ಬಂಗಲೆಯ ಕುದುರೆ ಲಾಯದಲ್ಲಿರುವ ನಮ್ಮ ಸಭಾಂಗಣವೂ ಸೇರಿ.

ಮಾರಾಟದ ಪುಸ್ತಿಕೆ ನೋಡಿದೆ. ಎರಡು ಗೋಪುರ, ಹದಿನಾಲ್ಕು ಮಲಗುವ ಕೋಣೆ, ‘ನಾಲ್ಕು ಶತಮಾನದ ಪರಂಪರೆ’. ಕಲ್ಲು ಹೊತ್ತವರ ಹೆಸರು ಒಂದೂ ಇಲ್ಲ. ಭೂಮಿ ದುಡಿದವರದು ಎಂದು ಎಷ್ಟು ಕರಪತ್ರದಲ್ಲಿ ಓದಿದ್ದೇನೆ! ಬಾಗಿಲು ತಟ್ಟಿ ತಟ್ಟಿ ಬೆರಳ ಗೆಣ್ಣು ನೋಯುತ್ತದೆಂದು ಯಾವುದರಲ್ಲೂ ಬರೆದಿರಲಿಲ್ಲ.

ಮಾರ್ಚ್ 5

ನಲವತ್ತನಾಲ್ಕು. ಅಂಚೆಗೆ ಹಾಕದೆ ನಾನೇ ಬಸ್ಸಲ್ಲಿ ಹೋಗಿ ನೋಂದಣಿ ಕಚೇರಿಗೆ ಕೊಟ್ಟು ಬಂದೆ. ಊನಾ ಅತ್ತೆ ಆ ಬಂಗಲೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವಳು. ಕೇಳಿ ನಕ್ಕಳು.

“ಕೊಂಡ್ಕೊಳ್ರಮ್ಮ. ಸೋರೋ ಕಡೆಯೆಲ್ಲ ಬಕೆಟ್ ಎಲ್ಲಿಡ್ಬೇಕು ಅಂತ ನಾನು ತೋರಿಸ್ತೀನಿ.”

ಶುಕ್ರವಾರ, ಬೆಳಿಗ್ಗೆ 11

ಕಚೇರಿಯಿಂದ ಫೋನ್. ಹನ್ನೊಂದು ಸಹಿಯ ಹೆಸರು ಮತದಾರರ ಪಟ್ಟಿಯಲ್ಲಿಲ್ಲವಂತೆ. ಮಿಲ್ಟನ್ ಯಾರು, ಬರ್ನ್‌ಸೈಡ್ ಯಾರು ಎಂದು ಗುಮಾಸ್ತೆ ಕೇಳಿದಳು.

ಅವೆಲ್ಲ ಹೊಲಗಳ ಹೆಸರು; ರೈತರೆಲ್ಲ ತಂತಮ್ಮ ಹೊಲದ ಹೆಸರಲ್ಲೇ ಸಹಿ ಹಾಕಿದ್ದಾರೆ. ನಾನೂ ನೋಡಿದ್ದೆ. ಏನೂ ಅನಿಸಲಿಲ್ಲ — ಹುಟ್ಟಿದಾಗಿನಿಂದ ಕರೆಯುವುದೇ ಹಾಗೆ. ದೊರೆಯ ಗೇಣಿ ಪುಸ್ತಕದಲ್ಲಿ ಹಾಗೆ ಬರೆದಿದ್ದರು, ನಾವು ಹಾಗೇ ಆದೆವು. ಉಳಿದದ್ದು ಮೂವತ್ತಮೂರು. ಇನ್ನು ಏಳು ಬೇಕು.

1.30

ಮಿಲ್ಟನ್ ಕೊಟ್ಟಿಗೆಯಲ್ಲಿದ್ದ, ಹಸು ಕರು ಹಾಕುತ್ತಿತ್ತು. ಅದು ದೊರೆ ಕೊಟ್ಟ ಹೆಸರು, ನಿನ್ನದಲ್ಲ ಎಂದು ರೇಗಿದೆ. ಅವನು ತಲೆ ಎತ್ತಲಿಲ್ಲ.

“ನಮ್ಮಪ್ಪ ಮಿಲ್ಟನ್, ಅವರಪ್ಪಾನೂ ಮಿಲ್ಟನ್. ದೊರೆಗಳು ಮೂರು ಸಲ ಬದಲಾದ್ರು, ಹುಡುಗಿ. ನಾವು ಬದಲಾಗಿಲ್ಲ. ಹೆಕ್ಟರ್ ಗೌರ್ಲೆ ಅಂತ ಹಾಕಿದ್ರೆ ಯಾರಂತ ಊರಿಗೆ ಗೊತ್ತಾಗತ್ತಾ?”

ಹಾಳೆ, ಪೆನ್ನು ಮುಂದೆ ಹಿಡಿದೆ. ಅವನು ಹುಲ್ಲಿಗೆ ಕೈ ಒರೆಸಿಕೊಂಡು ಪಟ್ಟಿಯ ಹೆಸರಲ್ಲೇ ಸಹಿ ಹಾಕಿದ. ಉಳಿದವರ ಮನೆಗೆ ನನ್ನನ್ನು ಕರೆದೊಯ್ಯಲು ಜೀಪು ತೆಗೆದ.

4.20, ಬರ್ನ್‌ಸೈಡ್

ಮೂವತ್ತೊಂಬತ್ತು. ಇನ್ನೊಂದೇ ಬೇಕು. ಕಚೇರಿಗೆ ಅರ್ಧ ಗಂಟೆ ದಾರಿ. ಹೊರಗೆ ಮಿಲ್ಟನ್ ಎಂಜಿನ್ ಆರಿಸಿಲ್ಲ.

ಗಂಡ ಸತ್ತ ಮೇಲೆ ಈ ಮನೆಯೊಡತಿಯೇ ಬರ್ನ್‌ಸೈಡ್. ಮೇಜಿನ ಮುಂದೆ ಕೂತಳು. “ಅವರ ಪಟ್ಟೀಲಿ ನಾನು ಯಾರು?” ಎಂದು ಕೇಳಿದಳು.

ಓದಿ ಹೇಳಿದೆ. ಇಸೊಬೆಲ್ ರಿಡಕ್.

ಪಕ್ಕದೂರಿನ ಯಾರದೋ ಸುದ್ದಿ ಕೇಳಿದವಳಂತೆ ಆ ಹೆಸರನ್ನು ಮೆಲ್ಲಗೆ ಹೇಳಿಕೊಂಡಳು. ಮತ್ತೊಮ್ಮೆ. ಪೆನ್ನು ಹಿಡಿದಿದ್ದಾಳೆ, ಕಾಗದಕ್ಕೆ ತಾಗಿಲ್ಲ. ಬೇಗ ಎನ್ನಬೇಕು. ಬದಲಿಗೆ ಇದನ್ನು ಬರೆಯುತ್ತಾ ಕೂತಿ— ಪೆನ್ನು ತಾಗಿತು.