ಗಾಳಿಯಲ್ಲಿ ಒಮ್ಮೆ ಓಡಿಸಿ ನೋಡಿ

ಅಫಜಲಪುರ
೧೯ ಆಗಸ್ಟ್ ೧೯೯೪

ಭಾಗ್ಯಾಳ ಅಪ್ಪನವರಿಗೆ ಶರಣು.

ಹೊಟ್ಟೆನೋವು ಕಡಿಮೆಯಾಯಿತೇ? ಪುಣೆಯ ಮೆಸ್ಸಿನವನು ಇನ್ನೂ ಬೇಳೆಗೆ ಬೆಲ್ಲ ಹಾಕುತ್ತಾನೆಯೇ? ಇಲ್ಲಿ ನಿದ್ದೆಯೊಂದು ಬಿಟ್ಟು ಎಲ್ಲ ಕ್ಷೇಮ. ಐದು ತಿಂಗಳ ನಿಮ್ಮ ಮಗಳು ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಾನು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಅಷ್ಟಕ್ಕೇ ಎದ್ದುಬಿಡುತ್ತಾಳೆ. "ಮಲಗಿದ ಕೂಸಿನ್ನ ತಾನೇ ಎಬ್ಬಸ್ತಾಳ, ನಿದ್ದಿ ಇಲ್ಲಂತ ತಾನೇ ಅಳ್ತಾಳ" ಎಂದು ಅತ್ತಿ ಓಣಿಗೆಲ್ಲ ಹೇಳಿ ಬಂದಿದ್ದಾರೆ.

ಈಗ ನಿಮ್ಮ ಪತ್ರದ ವಿಚಾರ. ಆ ಕಂಪ್ಯೂಟರ್ ಲೇಥಿನ ಸಿಎನ್‌ಸಿ ಕೋರ್ಸು ಬಿಟ್ಟು ಬರುತ್ತೇನೆ ಎಂದು ಬರೆದಿದ್ದೀರಲ್ಲ, ಓದಿ ತಲೆ ಕೆಟ್ಟಿತು. ನಲವತ್ತು ಮಿಲಿಮೀಟರ್ ಎಂದು ಪ್ರೋಗ್ರಾಮ್ ಬರೆದು, ಮುಂದೆ ದಶಾಂಶದ ಚುಕ್ಕೆ ಮರೆತಿರಿ. ಚುಕ್ಕೆ ಇಲ್ಲದ ನಲವತ್ತನ್ನು ಆ ಮಷೀನು ಒಂದು ಕೂದಲೆಳೆಯಷ್ಟು ಎಂದು ಓದಿಕೊಂಡು, ಟೂಲನ್ನು ತಿರುಗುವ ಕಬ್ಬಿಣದ ನಡುಮಧ್ಯಕ್ಕೇ ನುಗ್ಗಿಸಿತು, ತುದಿ ಮುರಿಯಿತು. ಮುರಿಯಲಿ ಬಿಡಿ. ಹುಡುಗರ ಮುಂದೆ ಸರ್ ಬೈದರೆಂದು ಗಂಟು ಕಟ್ಟುವುದೇ? ದಾವಲಸಾಬರ ವರ್ಕ್‌ಶಾಪಿನಲ್ಲಿ ಇಷ್ಟು ವರ್ಷ ಕೈಲೇಥ್ ತಿರುಗಿಸಿದವರಿಗೆ ಬೈಗುಳವೇನು ಹೊಸದೇ?

ನನ್ನ ಸಿಟ್ಟು ಬೇರೆ ಕಡೆ ಇದೆ. "ಹೊಸ ಪ್ರೋಗ್ರಾಮನ್ನು ಮೊದಲು ಕಬ್ಬಿಣ ಕಟ್ಟದೆ, ಬರೀ ಗಾಳಿಯಲ್ಲಿ ಓಡಿಸಿ ನೋಡಬೇಕು, ಅದಕ್ಕೆ ಡ್ರೈ ರನ್ ಅಂತಾರೆ" ಎಂದು ಹೋದ ತಿಂಗಳು ನನಗೆ ಪಾಠ ಹೇಳಿದವರು ಯಾರು? ಗಣಿತದಲ್ಲಿ ಬಿ.ಎಸ್ಸಿ. ಮಾಡಿದ ನನಗೆ! ತಾವು ಮಾತ್ರ ಉಸ್ತಾದರು, ಸದ್ದಿನಲ್ಲೇ ಕಬ್ಬಿಣದ ಮನಸ್ಸು ತಿಳಿಯುವವರು, ತಮಗೇಕೆ ಬೇಕು ಡ್ರೈ ರನ್! ಮಗಳ ಮುಖ ಕಣ್ಣ ಮುಂದೆ ಬಂದು ಚುಕ್ಕೆ ಕಾಣಲಿಲ್ಲ ಎಂದೂ ಒಂದು ಸಾಲು ಬರೆದಿದ್ದೀರಿ. ಅದನ್ನು ಓದಿದ ಮೇಲೆ ಮನಸಾರೆ ಬೈಯಲೂ ಆಗುತ್ತಿಲ್ಲ, ಅದೊಂದು ತಾಪತ್ರಯ.

ಬಂದು ಮಾಡುವುದಾದರೂ ಏನು? ನಿಮ್ಮ ಲೇಥನ್ನು ದಾವಲಸಾಬರು ಜೇವರ್ಗಿಯವರಿಗೆ ಮಾರಿಬಿಟ್ಟರು. ನಿನ್ನೆ ಬಾಗಿಲಲ್ಲೇ ನಿಂತು, "ಬೇಟಿ, ಅವ ಈಗ ಬಂದ್ರ ನನ್ನ ಹಂತೇಕ ನಿಂದ್ರಾಕೂ ಜಾಗಾ ಇಲ್ಲ. ಕಲ್ತು ಮುಗಿಸು ಅಂತ ಬರಿ" ಎಂದರು. ಕಲಿತು ಮುಗಿಸಿದವರನ್ನು ಪುಣೆಯ ಕಾರ್ಖಾನೆ ತೆಗೆದುಕೊಳ್ಳುತ್ತದೆ ಎಂದು ನೀವೇ ಹೇಳಿ ಹೋದವರು. ಹಾಗಾದರೆ ನಾವೇ ಪುಣೆಗೆ ಬರೋಣವೆಂದರೆ, "ಹಾಲು ಕುಡಿಯೋ ಕೂಸಿನ್ನ ರೈಲಿನ್ಯಾಗ ಒಯ್ತೀ? ತಲಿ ನೆಟ್ಟಗೈತೇನ್ ಬೇ?" ಎಂದು ಅತ್ತಿ ಎಗರಿ ಬಿದ್ದರು. ಖರೆ ಹೇಳುತ್ತೇನೆ, ನನಗೂ ಧೈರ್ಯವಿರಲಿಲ್ಲ. ದಾರಿಯಲ್ಲಿ ಜ್ವರ ಬಂದರೆ? ಅತ್ತು ಅತ್ತು ಉಸಿರು ಹಿಡಿದರೆ?

ಅತ್ತಿಯ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ, ಚುಕ್ಕೆ ನಿಮ್ಮ ನೆನಪಿನಲ್ಲಿರಲಿ. ಊಟ ಬಿಡಬೇಡಿ.

ನಿಮ್ಮ
ಜಗದೇವಿ

ತಾ.ಕ.: ಮೇಲಿನದು ನಿನ್ನೆ ರಾತ್ರಿ ಬರೆದಿಟ್ಟದ್ದು. ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಇವತ್ತು ಬೆಳಗ್ಗೆ ಭಾಗ್ಯಾಳನ್ನು ಎತ್ತಿಕೊಂಡು ನಾನೂ ಅತ್ತಿಯೂ ಬಸ್ಸಿನಲ್ಲಿ ಘತ್ತರಗಿಗೆ ಹೋಗಿ ಬಂದೆವು. ದೇವಿಯ ದರ್ಶನಕ್ಕೆ ಎಂದು ಅತ್ತಿಯ ಮುಂದೆ ಹೇಳಿದ್ದೆ. ಅದು ನನ್ನ ಡ್ರೈ ರನ್. ಹೋಗುವಾಗ ಕೂಸು ಬಸ್ಸೇ ಹಾರಿಹೋಗುವಂತೆ ಅತ್ತಿತು. ಬರುವಾಗ ಅವಳೂ ಮಲಗಿದಳು, ಅತ್ತಿಯ ಹೆಗಲಿಗೆ ಒರಗಿ ನಾನೂ ಮಲಗಿಬಿಟ್ಟೆ. ಇಳಿದ ಮೇಲೆ ಅತ್ತಿ ಹೇಳಿದ್ದು ಇಷ್ಟೇ: "ಪುಣಾಕ್ಕ ಹೋಗಾಗ ಕಿಡಕಿ ಕಡಿ ನಾ ಕುಂದ್ರಾಕಿ." ಇಪ್ಪತ್ತೇಳರ ಶನಿವಾರ ಮೂವರೂ ಬರುತ್ತೇವೆ. ಅಲ್ಲೇ ಇರಿ.