ಶಾರದಾ ಪೂಜೆಯ ಕ್ರಯಪತ್ರ

ಜಾಲ್ಸೂರು
25-10-1961

ಪ್ರೀತಿಯ ಮಗಳು ಸತ್ಯವತಿಗೆ ಅಪ್ಪನ ಆಶೀರ್ವಾದ.

ಮದ್ರಾಸಿನ ನೀರು ನಿನಗೆ ಈಗಲಾದರೂ ಒಗ್ಗಿತೇ? ಹಳೆಯ ಕಡತಗಳ ಧೂಳಿಗೆ ಕೆಮ್ಮು ಬಂದೀತು, ಕಾಳುಮೆಣಸಿನ ಕಷಾಯ ಮಾಡಿಕೋ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಜ್ಜಿಯ ಮೊಣಕಾಲು ಮಾತ್ರ ಸರಕಾರಿ ಕಚೇರಿಯ ಹಾಗೆ, ಮನಸ್ಸು ಬಂದ ದಿನ ಕೆಲಸ ಮಾಡುತ್ತದೆ.

ನಿನ್ನ ಸಂಶೋಧನೆಗೆ ಬೇಕೆಂದು ಕೇಳಿದ ಓಲೆಗರಿ ಕಟ್ಟಿನ ವಿಚಾರ. ಪ್ರತಿ ನವರಾತ್ರಿಯ ಶಾರದಾ ಪೂಜೆಗೆ ಅದನ್ನು ಪುಸ್ತಕಗಳ ಮೇಲಿಟ್ಟು, ಗಂಧ ಹಚ್ಚಿ, ನಾವೆಲ್ಲ ಅಡ್ಡಬೀಳುವುದು ನಿನಗೆ ಗೊತ್ತೇ ಉಂಟು. ಪೂಜೆಗಿಟ್ಟದ್ದನ್ನು ಅಂದು ಓದಬಾರದೆಂದು ಶಾಸ್ತ್ರ. ಉಳಿದ ಮುನ್ನೂರ ಅರವತ್ತನಾಲ್ಕು ದಿನವೂ ನಾವು ಆ ಶಾಸ್ತ್ರ ಮೀರಿದವರಲ್ಲ. ಈ ಸಲ ನಿನಗಾಗಿ ಬಿಚ್ಚಿ ಓದಿದೆ. ಅಜ್ಜಿ ಇಷ್ಟು ವರ್ಷ ಯಾವುದೋ ಸ್ತೋತ್ರವೆಂದು ಕೈ ಮುಗಿದದ್ದು ಒಂದು ಕ್ರಯಪತ್ರಕ್ಕೆ. ಪರಿಧಾವಿ ಸಂವತ್ಸರದಲ್ಲಿ, ಅಂದರೆ ಮನುಷ್ಯ ಮನುಷ್ಯನ ಸೊತ್ತಲ್ಲವೆಂದು ಕುಂಪಣಿ ಕಾನೂನು ಮಾಡಿ ಒಂಬತ್ತು ವರ್ಷವಾದ ಮೇಲೆ, ನನ್ನ ಮುತ್ತಜ್ಜ ಬೈಲುಗದ್ದೆ ಕೊಂಡರು. ಗದ್ದೆಯ ಜೊತೆಗೆ "ಹಲಸಿನ ಮರ ಎರಡು, ಮೂಲದಾಳು ಮೈರ, ಅವನ ಹೆಂಡತಿ ಬಾಗಿ, ಮೊಲೆ ಕುಡಿಯುವ ಹೆಣ್ಣು ಕೂಸು ಒಂದು". ಕಾನೂನು ಬಹುಶಃ ಕಾಲ್ನಡಿಗೆಯಲ್ಲಿ ಹೊರಟಿತ್ತು. ಜಾಲ್ಸೂರು ದೂರ ನೋಡು.

ಆಮೇಲೆ ಮೈರ ಒಬ್ಬನೇ ಮಂಗಳೂರಿಗೆ ಓಡಿ ಪಾದ್ರಿಗಳ ಹಂಚಿನ ಕಾರ್ಖಾನೆ ಸೇರಿದ್ದು ಮಿಶನ್ ದಾಖಲೆಯಲ್ಲಿ ಸಿಕ್ಕಿತೆಂದು ಬರೆದಿದ್ದೀ. ಅಲ್ಲಿ ಒಂದು ಗಂಟೆ ಬಾರಿಸಿದರೆ ಪ್ರಾರ್ಥನೆ, ಇನ್ನೊಂದು ಬಾರಿಸಿದರೆ ಮಣ್ಣು ತುಳಿಯುವುದಂತೆ. ನಮ್ಮ ಮನೆಯಲ್ಲಾದರೋ "ಪಾದ್ರಿಗಳು ನಮ್ಮ ಆಳನ್ನು ಕದ್ದರು" ಎಂದು ನಾಲ್ಕು ತಲೆಮಾರು ಮರುಗಿದೆ. ಕೊಂಡ ಮನುಷ್ಯನೇ ಎದ್ದು ನಡೆದರೆ ಯಾರಿಗೆ ತಾನೇ ಸಂಕಟವಾಗದು!

ಅಜ್ಜಿಯ ತೀರ್ಪು ಹೀಗೆ: "ಕಟ್ಟು ಬೇಕಾದ್ರೆ ಕೊಂಡೋಗ್ಲಿ ಮಾರಾಯ, ಮನೆ ಹೆಸರು ಎಂತಕ್ಕೆ ಹಾಕುದು? ಇನ್ನು ಮೂರು ಹುಡುಗಿಯರಿಗೆ ಗಂಡು ನೋಡ್ಲಿಕ್ಕುಂಟು." ನನಗೂ ಸರಿಯೆನಿಸಿತು. "ಪುತ್ತೂರು ತಾಲೂಕಿನ ಒಂದು ಮನೆತನ" ಎಂದು ಬರೆದರೆ ಇತಿಹಾಸಕ್ಕೇನು ನಷ್ಟ? ದಯಮಾಡಿ ಹಾಗೆಯೇ ಬರೆ.

ನಿನ್ನ ಪ್ರಬಂಧ ಬೇಗ ಮುಗಿಯಲಿ, ನಿನ್ನ ಆರೋಗ್ಯ ಅದಕ್ಕಿಂತ ಮೊದಲು ಮುಗಿಯದಿರಲಿ.

ಇತಿ ನಿನ್ನ ಅಪ್ಪ,
ತಿರುಮಲೇಶ್ವರ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ನಮ್ಮ ತೋಟದ ಕೆಲಸದ ಬೋಜ ಬಂದ. ಮೈರನ ವಂಶದವನಲ್ಲವೇ, ಓಲೆ ಓದಿ ಹೇಳಿದೆ. ಕೂಸಿನ ಸಾಲಿಗೆ ಬಂದಾಗ ತಡೆದ. "ಕೂಸು ಒಂದು ಅಲ್ಲ ದಣಿಗಳೇ, ತನಿಯಾರು. ನನ್ನ ಅಜ್ಜಿ. ನನ್ನನ್ನು ಎತ್ತಿ ಆಡಿಸಿದವಳು. ಹೆಸರು ಬರೀಲಿಕ್ಕೆ ಜಾಗ ಇರ್ಲಿಲ್ವಾ?" ನೋಡಿದೆ. ಗರಿಯಲ್ಲಿ ನಾಲ್ಕು ಬೆರಳು ಜಾಗ ಖಾಲಿ ಉಂಟು. ನೀನು ತನಿಯಾರು ಎಂದು ಬರೆ. ಅವಳನ್ನು ಕೊಂಡವರ ಹೆಸರನ್ನೂ ಬರೆ, ಮನೆ ಹೆಸರಿನ ಸಮೇತ. ನಿನ್ನ ಅಜ್ಜಿಗೆ ನಾನು ಹೇಳುತ್ತೇನೆ.