ಬಿಷ್ಕೆಕ್ ಸುತ್ತಿ ಬರುವ ಆಕಳಿಕೆ

ಪ್ರೀತಿಯ ಮಿರ್ಲಾನ್ ಭಾವ,

ನಿಮ್ಮ ಇಂಟರ್ನೆಟ್ ಕಂಪನಿ ಮಾಡುತ್ತಿರುವುದು ಅನ್ಯಾಯ. ನಾರಿನ್‌ನ ನಮ್ಮ ಮನೆಯಿಂದ ಇದೇ ಊರಿನ ನಿಮ್ಮ ಮನೆಗೆ ಮಾಡಿದ ವಿಡಿಯೋ ಕರೆ, ಸಂಜೆಯ ಗಿಜಿಗುಡುವ ಲೈನಿನಲ್ಲಿ ಬೆಟ್ಟ ದಾಟಿ ರಾಜಧಾನಿ ಬಿಷ್ಕೆಕ್‌ಗೆ ಹೋಗಿ ತಿರುಗಿ ಬರುತ್ತದೆ. ಏಕೆಂದರೆ ನಮ್ಮ ಬಡಾವಣೆಯ ಸಹಕಾರಿ ಇಂಟರ್ನೆಟ್ ಜಾಲದ ಸ್ವಿಚ್‌ಗೆ, ಮನೆಗಳ ಲೈನುಗಳೆಲ್ಲ ಬಂದು ಸೇರುವ ಆ ಪೆಟ್ಟಿಗೆಗೆ, ಒಂದು ಕೇಬಲ್ ಕೊಡಲು ನಿಮ್ಮವರು ಒಪ್ಪುವುದಿಲ್ಲ. ನಿಮ್ಮ ಪೆಟ್ಟಿಗೆ, ನಮ್ಮ ಪೆಟ್ಟಿಗೆ ಎರಡೂ ಇರುವುದು ಒಂದೇ ಕಟ್ಟಡದಲ್ಲಿ, ನಡುವೆ ಬರೀ ಒಂದು ಗೋಡೆ! ಊರಿನ ಮಾತು ಊರಲ್ಲೇ ಓಡಾಡಬೇಕು ಎಂದು ನಾನು ಓದಿದ ಕರಪತ್ರಗಳೆಲ್ಲ ಹೇಳುತ್ತವೆ.

ಹುಟ್ಟಿ ನಲವತ್ತು ದಿನ ತುಂಬುವವರೆಗೆ ನಿಮ್ಮ ಮಗುವನ್ನು ಹೊರಗೆ ತರುವಂತಿಲ್ಲ. ಇಲ್ಲಿ ನಮ್ಮ ಅಜ್ಜಿಯ ಕಾಲು ಮುರಿದಿದೆ, ಅವರು ನಿಮ್ಮ ಮನೆಗೆ ಬರುವಂತಿಲ್ಲ. ನಿನ್ನೆ ಅಕ್ಕ ಫೋನಿನಲ್ಲಿ ಮಗುವನ್ನು ತೋರಿಸಿದಳು. ಅವನು ಆಕಳಿಸಲು ಬಾಯಿ ತೆರೆದ, ಚಿತ್ರ ಹಾಗೇ ನಿಂತುಬಿಟ್ಟಿತು.

"ಅಯ್ಯೋ, ಮತ್ತೆ ಕಲ್ಲಾಗ್ಬಿಟ್ಟ! ನಿನ್ ಭಾವಂಗೆ ಹೇಳೇ, ದೊಡ್ಡ ಇಂಜಿನಿಯರಂತೆ! ಮರಿಮಗ ಬಾಯಿ ಮುಚ್ಚೋದನ್ನಾದ್ರೂ ತೋರ್ಸು ಅಂತ" ಎಂದರು ಅಜ್ಜಿ. ನಗುತ್ತಲೇ ಅಂದರು, ಆದರೆ ಬಹಳ ಹೊತ್ತು ಫೋನನ್ನು ಕೆಳಗಿಡಲಿಲ್ಲ.

ನೀವು ನಿಮ್ಮ ಯಜಮಾನರ ಒಪ್ಪಿಗೆ ತನ್ನಿ. ಕೇಬಲನ್ನೂ ಗೋಡೆ ಕೊರೆಯುವ ಯಂತ್ರವನ್ನೂ ನಾನು ತರುತ್ತೇನೆ. ಪತ್ರದ ಜೊತೆಗಿರುವ ಬೊರ್ಸೋಕ್ ಹಿಟ್ಟಿನ ತುಂಡುಗಳು ಅಕ್ಕನಿಗೆ ಕರಿದದ್ದು, ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲೇ ಮುಗಿಸಬೇಡಿ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಗೋಡೆಯ ಹತ್ತಿರ ಕಾಯುತ್ತಿರುತ್ತೇನೆ.

ನಿಮ್ಮ ತಲೆಹರಟೆ ನಾದಿನಿ,
ಬುರುಲ್